ಹೆಸರಿಲ್ಲದ ಡಬ್ಬದ ಎಣ್ಣೆ: 1998ರ ದೆಹಲಿಯ ಸಾಸಿವೆ ಎಣ್ಣೆ ದುರಂತ, ಒಂದು ಪ್ರಕರಣ ಅಧ್ಯಯನ

1998ರ ಆಗಸ್ಟ್ ತಿಂಗಳಲ್ಲಿ ದೆಹಲಿಯ ಆಸ್ಪತ್ರೆಗಳಿಗೆ ಕಾಲು ಊದಿಕೊಂಡ ರೋಗಿಗಳು ಬರತೊಡಗಿದರು. ಕಾಲು ಊದುವುದು ವೈದ್ಯರಿಗೆ ಹೊಸದಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು, ಅಪೌಷ್ಟಿಕತೆ, ಹೀಗೆ ಅದಕ್ಕೆ ಹತ್ತು ಕಾರಣಗಳಿವೆ. ಆದರೆ ಇಲ್ಲಿ ಎರಡೂ ಕಾಲುಗಳು ಒಂದೇ ಸಮನೆ ಊದಿದ್ದವು, ಚರ್ಮ ಕೆಂಪೇರಿತ್ತು, ಮುಟ್ಟಿದರೆ ನೋಯುತ್ತಿತ್ತು. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದರೆ ಬೆರಳಿನ ಗುಳಿ ಹಾಗೆಯೇ ಉಳಿಯುತ್ತಿತ್ತು. ಕೆಲವರಿಗೆ ವಾಂತಿ ಭೇದಿ, ಇನ್ನು ಕೆಲವರಿಗೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಗಳು ಒಬ್ಬೊಬ್ಬರಾಗಿ ಬರುತ್ತಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಉಂಡವರು ಒಟ್ಟಾಗಿ ಬರುತ್ತಿದ್ದರು. ಎದೆಹಾಲನ್ನು ಬಿಟ್ಟು ಬೇರೇನನ್ನೂ ತಿನ್ನದ ಹಸುಗೂಸುಗಳು ಈ ರೋಗದಿಂದ ಪಾರಾಗುತ್ತವೆಂಬುದು ವೈದ್ಯಶಾಸ್ತ್ರದ ಪಠ್ಯಗಳಲ್ಲಿ ಹಿಂದಿನಿಂದಲೂ ದಾಖಲಾಗಿರುವ ಸಂಗತಿ. ಮನೆಯವರೆಲ್ಲ ಊದಿಕೊಂಡು ಮೊಲೆಗೂಸು ಮಾತ್ರ ಚೆನ್ನಾಗಿದೆಯೆಂದರೆ ಅನುಮಾನ ಗಾಳಿಯ ಮೇಲಾಗಲಿ ಸೊಳ್ಳೆಯ ಮೇಲಾಗಲಿ ಹೋಗುವುದಿಲ್ಲ, ನೇರವಾಗಿ ಅಡುಗೆಯ ಎಣ್ಣೆಯ ಮೇಲೆ ಬೀಳುತ್ತದೆ.

ರೋಗದ ಹೆಸರು ಎಪಿಡೆಮಿಕ್ ಡ್ರಾಪ್ಸಿ, ಎಂದರೆ ಮೈಯಲ್ಲಿ ನೀರು ತುಂಬಿ ಊದಿಸುವ ಪಿಡುಗು. ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಎಂಬ ಕಳೆಗಿಡದ ಬೀಜದ ಎಣ್ಣೆ ಬೆರೆತಿತ್ತು. ಪಿಡುಗು ಇಳಿಯುವ ಹೊತ್ತಿಗೆ 60ರಷ್ಟು ಜನ ಸತ್ತಿದ್ದರು, 3,000ದಷ್ಟು ಜನ ಆಸ್ಪತ್ರೆ ಸೇರಿದ್ದರು. ಕಲಬೆರಕೆಯನ್ನು ತಡೆಯಲೆಂದೇ ರಚಿಸಿದ, ಜೀವಾವಧಿ ಶಿಕ್ಷೆಯವರೆಗೆ ವಿಧಿಸಬಲ್ಲ ಕಾಯ್ದೆಯೊಂದು ಆ ಹೊತ್ತಿಗೆ ದೇಶದಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಜಾರಿಯಲ್ಲಿತ್ತು. ಅಷ್ಟು ಬಿಗಿಯಾದ ಕಾನೂನಿನ ಕೈ ಎಲ್ಲಿ ತಪ್ಪಿತು ಎಂಬುದು ಈ ಅಧ್ಯಯನದ ಪ್ರಶ್ನೆ. ಶಿಕ್ಷೆ ಕಡಿಮೆಯಾಗಿತ್ತು ಎಂಬ ಸುಲಭದ ಉತ್ತರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಆ ಗಿಡದ ವಿಚಾರ. ಆರ್ಜಿಮೋನ್ ಮೆಕ್ಸಿಕಾನಾ ಎಂಬುದು ಹೆಸರೇ ಹೇಳುವಂತೆ ಮೆಕ್ಸಿಕೋ ಕಡೆಯಿಂದ ಬಂದು ನಮ್ಮ ದೇಶದ ಬೀಳುಗಳಲ್ಲೂ ರಸ್ತೆಯ ಬದಿಯಲ್ಲೂ ಬೇರೂರಿದ ಕಳೆ. ಕನ್ನಡದಲ್ಲಿ ದತ್ತೂರಿ, ಅರಿಶಿನ ಉಮ್ಮತ್ತಿ ಎಂಬ ಹೆಸರುಗಳಿವೆ. ಮುಳ್ಳಿನ ಎಲೆ, ಹಳದಿ ಹೂವು, ಕಿತ್ತರೆ ಒಸರುವ ಹಳದಿ ಹಾಲು: ನೋಡಿದವರು ಮರೆಯುವ ಗಿಡವಲ್ಲ. ತೊಡಕಿರುವುದು ಬೀಜದಲ್ಲಿ. ಸಣ್ಣಗೆ, ದುಂಡಗೆ, ಕಪ್ಪಗಿರುವ ಅದು ಸಾಸಿವೆಯ ಜೊತೆ ಬೆರೆತರೆ ಬರಿಗಣ್ಣಿಗೆ ಬೇರೆಯಾಗಿ ಕಾಣುವುದು ಕಷ್ಟ. ಸಾಸಿವೆಯ ಹೊಲದಲ್ಲಿಯೇ ಈ ಗಿಡವೂ ಬೆಳೆಯುತ್ತದೆ, ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೀಜ ಕಟ್ಟುತ್ತದೆ. ಹೀಗಾಗಿ ಒಕ್ಕಣೆಯಲ್ಲಿ ತಾನಾಗಿಯೇ ಸೇರಿಕೊಳ್ಳುವ ದಾರಿಯೂ ಇದೆ, ಅಗ್ಗದ ಬೀಜವೆಂದೋ ಅಗ್ಗದ ಎಣ್ಣೆಯೆಂದೋ ಯಾರಾದರೂ ಬೇಕೆಂದೇ ಸೇರಿಸುವ ದಾರಿಯೂ ಇದೆ. ಈ ಎರಡು ದಾರಿಗಳ ಮಾತು ಕಾನೂನಿನ ಚರ್ಚೆಯಲ್ಲಿ ಮತ್ತೆ ಬರುತ್ತದೆ.

ಬೀಜದಲ್ಲಿರುವ ಸ್ಯಾಂಗ್ವಿನರಿನ್ ಮತ್ತು ಡೈಹೈಡ್ರೋಸ್ಯಾಂಗ್ವಿನರಿನ್ ಎಂಬ ಕ್ಷಾರಸತ್ವಗಳು ಸೂಕ್ಷ್ಮ ರಕ್ತನಾಳಗಳನ್ನು ಹಿಗ್ಗಿಸಿ, ಅವುಗಳ ಗೋಡೆಯನ್ನು ಸಡಿಲಗೊಳಿಸುತ್ತವೆ. ರಕ್ತದೊಳಗಿನ ನೀರು ಮತ್ತು ಪ್ರೋಟೀನು ಅಂಗಾಂಶಗಳಿಗೆ ಸೋರಿಹೋಗುತ್ತವೆ. ಕಾಲು ಊದುವುದು ಅದರಿಂದ. ಶ್ವಾಸಕೋಶಕ್ಕೂ ನೀರು ಸೇರಿ, ಹೃದಯ ಸೋತರೆ ಸಾವು. ಬದುಕಿ ಉಳಿದವರಲ್ಲಿ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಈ ವಿಷಕ್ಕೆ ಪ್ರತಿವಿಷವೆಂಬುದಿಲ್ಲ. ಎಣ್ಣೆಯನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ, ಉಳಿದದ್ದೆಲ್ಲ ಅದಕ್ಕೆ ಪೂರಕ. ಎಣ್ಣೆಯನ್ನು ನಿಲ್ಲಿಸಬೇಕಾದರೆ ಎಣ್ಣೆಯ ಮೇಲೆ ಸಂದೇಹ ಬರಬೇಕು, ಸಂದೇಹ ಬರಬೇಕಾದರೆ ರೋಗಿಯನ್ನು ನೋಡಿದ ವೈದ್ಯರ ಮಾತು ಎಣ್ಣೆಯನ್ನು ತಡೆಯಬಲ್ಲ ಅಧಿಕಾರಿಗೆ ತಲುಪಬೇಕು. ಪ್ರಕರಣದ ಕೀಲಿರುವುದು ಅಲ್ಲಿ.

ಈ ರೋಗ ದೆಹಲಿಯಲ್ಲಿ ಮೊದಲ ಸಲ ಕಾಣಿಸಿಕೊಂಡದ್ದೇನಲ್ಲ. ಕಲ್ಕತ್ತಾದಲ್ಲಿ 1877ರಲ್ಲಿಯೇ ಇದರ ವರ್ಣನೆ ದಾಖಲಾಗಿದೆ. ಆಮೇಲೆ ಬಹುಕಾಲ ಇದನ್ನು ಬೆರಿಬೆರಿಯೆಂದು, ಎಂದರೆ ಬಿ1 ಜೀವಸತ್ವದ ಕೊರತೆಯ ರೋಗವೆಂದು, ಭಾವಿಸಿ ಅಕ್ಕಿಯ ಮೇಲೆ ತಪ್ಪು ಹೊರಿಸಲಾಗಿತ್ತು. ಆರ್ಜಿಮೋನ್ ಎಣ್ಣೆಯೇ ಕಾರಣವೆಂಬುದು 20ನೆಯ ಶತಮಾನದ ಮೊದಲರ್ಧದಲ್ಲಿ ಖಚಿತವಾಯಿತು. ಮಾರಿಷಸ್, ಫಿಜಿ, ಬರ್ಮಾ, ನೇಪಾಳಗಳಲ್ಲೂ ರೋಗ ಕಾಣಿಸಿಕೊಂಡಿದೆ. ಅಂದರೆ 1998ರಲ್ಲಿ ವಿಜ್ಞಾನಕ್ಕೆ ಅರಿಯದ್ದೇನೂ ಇರಲಿಲ್ಲ. ಪತ್ತೆಯ ಪರೀಕ್ಷೆಯೂ ಕಷ್ಟದ್ದಲ್ಲ. ಪ್ರನಾಳದಲ್ಲಿ ಸ್ವಲ್ಪ ಎಣ್ಣೆ ಹಾಕಿ, ಅಷ್ಟೇ ಪ್ರಮಾಣದ ಪ್ರಬಲ ನೈಟ್ರಿಕ್ ಆಮ್ಲ ಸೇರಿಸಿ, ಎಚ್ಚರಿಕೆಯಿಂದ ಕುಲುಕಿ ನಿಲ್ಲಿಸಿದರೆ ಎಣ್ಣೆ ಮೇಲೆ ತೇಲಿ ಆಮ್ಲ ಕೆಳಗೆ ನಿಲ್ಲುತ್ತದೆ. ಕೆಳಗಿನ ಪದರ ಕಿತ್ತಳೆಗೆಂಪಿಗೆ ತಿರುಗಿದರೆ ಆರ್ಜಿಮೋನ್ ಇರಬಹುದೆಂದು ಅರ್ಥ. ಎಣ್ಣೆಯಲ್ಲಿ ಶೇ 0.25ರಷ್ಟು ಕಲಬೆರಕೆಯಿದ್ದರೂ, ಎಂದರೆ ಒಂದು ಕಿಲೋ ಎಣ್ಣೆಗೆ ಎರಡೂವರೆ ಗ್ರಾಂ ಇದ್ದರೂ, ಈ ಪರೀಕ್ಷೆಗೆ ಸಿಕ್ಕಿಬೀಳುತ್ತದೆ. ಅದಕ್ಕಿಂತ ಸೂಕ್ಷ್ಮವಾಗಿ ಹಿಡಿಯಲು, ಬೆರೆತ ಅಂಶಗಳನ್ನು ಕಾಗದದ ಮೇಲೆ ಬೇರ್ಪಡಿಸಿ ತೋರಿಸುವ ಕ್ರೊಮಟೋಗ್ರಫಿ ಇತ್ತು. ಕೆಲವು ನಿಮಿಷಗಳಲ್ಲಿ ಬಣ್ಣ ಹೇಳಿಬಿಡುವ ಸಂಗತಿಯನ್ನು ನ್ಯಾಯಾಲಯ ಒಪ್ಪುವ ಸಾಕ್ಷ್ಯವನ್ನಾಗಿ ಮಾಡುವುದು ಬೇರೆಯೇ ಕೆಲಸ. ಅಲ್ಲಿಂದ ಕಾನೂನಿನ ಕಥೆ ಶುರುವಾಗುತ್ತದೆ.

ಆಹಾರ ಪದಾರ್ಥಗಳ ಕಲಬೆರಕೆ, ಕೇಂದ್ರ ರಾಜ್ಯಗಳೆರಡೂ ಕಾನೂನು ಮಾಡಬಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ 18ನೆಯ ವಿಷಯ. ಅದರಡಿ ಸಂಸತ್ತು ಮಾಡಿದ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ 1955ರ ಜೂನ್ 1ರಂದು ಜಾರಿಗೆ ಬಂದಿತು. ಈ ಕಾಯ್ದೆಯ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅದು ಮಾರಾಟಗಾರನ ಮನಸ್ಸನ್ನು ನೋಡುತ್ತಿರಲಿಲ್ಲ. ಮಾರಿದ ಪದಾರ್ಥ ಹೇಗಿತ್ತೆಂಬುದು ತನಗೆ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ನಡೆಯದೆಂದು 19ನೆಯ ಕಲಂ ಸ್ಪಷ್ಟವಾಗಿ ಹೇಳಿತ್ತು. ಹಾಗಾಗಿ ದತ್ತೂರಿಯ ಬೀಜ ಹೊಲದಲ್ಲೇ ಸೇರಿತೋ ಗಿರಣಿಯಲ್ಲಿ ಸೇರಿಸಿದರೋ ಎಂಬ ಪ್ರಶ್ನೆ ಅಪರಾಧವನ್ನು ಸ್ಥಾಪಿಸಲು ಬೇಕಾಗಿರಲಿಲ್ಲ. ಆರೋಗ್ಯಕ್ಕೆ ಹಾನಿಕರವಾದ ಅಂಶ ಎಣ್ಣೆಯಲ್ಲಿದೆ ಎಂದು ತೋರಿಸಿದರೆ ಸಾಕಿತ್ತು. 1976ರ ತಿದ್ದುಪಡಿ ಶಿಕ್ಷೆಯನ್ನು ಮತ್ತಷ್ಟು ಬಿಗಿಗೊಳಿಸಿ, ಸಾವನ್ನೋ ತೀವ್ರ ಗಾಯವನ್ನೋ ತರಬಲ್ಲ ಕಲಬೆರಕೆಗೆ ಕನಿಷ್ಠ 3 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸವನ್ನೂ 5,000 ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನೂ ಇಟ್ಟಿತು. ದಂಡದ ಮೊತ್ತ ಇಂದು ನಗೆ ತರಿಸಬಹುದು, ಆದರೆ ಜೀವಾವಧಿ ಎಂಬ ಪದ ನಗುವಂಥದ್ದಲ್ಲ.

ಇಷ್ಟು ಕಠಿಣವಾದ ಕಾಯ್ದೆಯಲ್ಲಿ ಆರೋಪಿಯ ರಕ್ಷಣೆಗೂ ಅಷ್ಟೇ ಕಟ್ಟುನಿಟ್ಟಿನ ಕ್ರಮಗಳನ್ನು ಇಡಬೇಕಾಗುತ್ತದೆ, ಇಟ್ಟಿದ್ದರು. ಆಹಾರ ನಿರೀಕ್ಷಕ ಅಂಗಡಿಗೆ ಹೋಗಿ, ಸಾಕ್ಷಿಗಳನ್ನು ಕರೆದು, ಎಣ್ಣೆಯ ಬೆಲೆ ಕೊಟ್ಟು ಮಾದರಿ ಕೊಳ್ಳಬೇಕು. ಅದನ್ನು ಅಲ್ಲಿಯೇ ಮೂರು ಭಾಗ ಮಾಡಿ, ಚೀಟಿ ಅಂಟಿಸಿ, ಮೊಹರು ಹಾಕಬೇಕು. ಒಂದು ಭಾಗ ಸಾರ್ವಜನಿಕ ವಿಶ್ಲೇಷಕರಿಗೆ, ಉಳಿದೆರಡು ಸ್ಥಳೀಯ ಆರೋಗ್ಯ ಪ್ರಾಧಿಕಾರಕ್ಕೆ. ವಿಶ್ಲೇಷಕರ ವರದಿಗೆ ನಿಯಮಗಳು ಸುಮಾರು 40 ದಿನಗಳ ಅವಕಾಶ ಕೊಟ್ಟಿದ್ದವು. ವರದಿಯ ಪ್ರತಿ ಕೈಸೇರಿದ 10 ದಿನಗಳೊಳಗೆ ಆರೋಪಿ ನ್ಯಾಯಾಲಯವನ್ನು ಕೇಳಿಕೊಂಡರೆ ಇನ್ನೊಂದು ಭಾಗ ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ಅಭಿಪ್ರಾಯವೇ ಅಂತಿಮ. ಇವುಗಳಲ್ಲಿ ಒಂದು ಹೆಜ್ಜೆ ಮುಗ್ಗರಿಸಿದರೂ, ಮೊಹರು ಅಸ್ಪಷ್ಟವಾದರೂ ಮಹಜರಿನ ಸಾಕ್ಷಿ ತಿರುಗಿಬಿದ್ದರೂ, ಮೊಕದ್ದಮೆಯ ಬುಡ ಅಲ್ಲಾಡುತ್ತಿತ್ತು. ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ಸೆರೆಗೆ ಕಳುಹಿಸಬಲ್ಲ ಸಾಕ್ಷ್ಯಕ್ಕೆ ಇಷ್ಟು ಜಾಗ್ರತೆ ಬೇಕೇ ಬೇಕು. ನಾನು ಅದನ್ನು ಟೀಕಿಸುತ್ತಿಲ್ಲ. ಆದರೆ 40 ದಿನಗಳೆಂದರೆ ಒಂದು ಮನೆ ತಂದ ಎಣ್ಣೆ ಮುಗಿದು, ಮತ್ತೆ ತಂದು, ಅದೂ ಮುಗಿಯುವಷ್ಟು ಕಾಲ. ಈ ಕಾರ್ಯವಿಧಾನವನ್ನು ನೇಯ್ದಿದ್ದು ಮಾರಿದವನನ್ನು ಶಿಕ್ಷಿಸಲು, ತಿನ್ನುವವನನ್ನು ತಡೆದು ನಿಲ್ಲಿಸಲು ಅಲ್ಲ.

ಇನ್ನು ಆರೋಪಿ ಯಾರು? ಆಗ ಸಾಸಿವೆ ಎಣ್ಣೆ ಬಹುಮಟ್ಟಿಗೆ ಬಿಡಿಯಾಗಿ ಮಾರಾಟವಾಗುತ್ತಿತ್ತು. ಗಿರಣಿಯಿಂದ ಸಗಟು ವ್ಯಾಪಾರಿಗೆ, ಅವನಿಂದ ಚಿಲ್ಲರೆ ಅಂಗಡಿಗೆ ಡಬ್ಬಗಳಲ್ಲಿ ಎಣ್ಣೆ ಬರುತ್ತದೆ. ಅಂಗಡಿಯವನು ಡಬ್ಬದ ಮೂಲೆಯನ್ನು ಕೊರೆದು ದೊಡ್ಡ ಪಾತ್ರೆಗೆ ಸುರಿಯುತ್ತಾನೆ. ತಳದಲ್ಲಿ ಹಿಂದಿನ ಡಬ್ಬದ ಎಣ್ಣೆ ಇನ್ನೂ ಉಳಿದಿರುತ್ತದೆ. ಗಿರಾಕಿ ತಂದ ಸೀಸೆಗೆ ಅಳತೆಯ ಪಾವಿನಲ್ಲಿ ಎರೆದುಕೊಡುತ್ತಾನೆ. ಆ ಸೀಸೆಯ ಮೇಲೆ ಯಾವ ಗಿರಣಿಯ ಹೆಸರೂ ಇಲ್ಲ, ದಿನಾಂಕವಿಲ್ಲ, ತಂಡದ (ಬ್ಯಾಚಿನ) ಸಂಖ್ಯೆಯಿಲ್ಲ. ಕಾಯಿಲೆ ಬಿದ್ದ ಮನೆಯಿಂದ ಎಣ್ಣೆಯ ಜಾಡು ಹಿಡಿದು ಹೊರಟವರು ಬೀದಿಯ ಅಂಗಡಿಯವರೆಗೆ ಹೋಗಬಹುದು, ಅಲ್ಲಿಂದ ಮುಂದೆ ದಾರಿ ಮಸುಕು. ಲಿಖಿತ ಖಾತರಿಯೊಂದಿಗೆ ಕೊಂಡ ಚಿಲ್ಲರೆ ವ್ಯಾಪಾರಿಗೆ ಕಾಯ್ದೆ ರಕ್ಷಣೆ ಕೊಟ್ಟಿತ್ತು, ತಯಾರಕರ ಬಿಲ್ಲನ್ನೇ ಖಾತರಿಯೆಂದು ಪರಿಗಣಿಸುವಂತೆ 14ನೆಯ ಕಲಂ ಹೇಳಿತ್ತು, ವಿಚಾರಣೆಯ ನಡುವೆ ತಯಾರಕರನ್ನು ಆರೋಪಿಯಾಗಿ ಸೇರಿಸುವ ಅಧಿಕಾರವನ್ನೂ 20ಎ ಕಲಂ ನ್ಯಾಯಾಲಯಕ್ಕೆ ಕೊಟ್ಟಿತ್ತು. ಬಿಲ್ಲೇ ಇಲ್ಲದ ವ್ಯಾಪಾರದಲ್ಲಿ, ನಾಲ್ಕು ಕಡೆಯ ಎಣ್ಣೆ ಒಂದೇ ಪಾತ್ರೆಯಲ್ಲಿ ಕೂಡಿದ ಮೇಲೆ, ಈ ಕಲಮುಗಳನ್ನು ಹಿಡಿದು ಮೇಲಕ್ಕೆ ಹತ್ತುವುದು ಹೇಗೆ? ಇಂಥ ವ್ಯಾಪಾರದಲ್ಲಿ ಕಾನೂನಿನ ಪೂರ್ತಿ ಭಾರ ಸರಪಳಿಯ ಕೊನೆಯ ಕೊಂಡಿಯ ಮೇಲೆ, ಪಾವು ಹಿಡಿದು ನಿಂತವನ ಮೇಲೆ ಬೀಳುತ್ತಿತ್ತು.

ದೆಹಲಿಯಲ್ಲಿ ಪಿಡುಗಿಗೆ ಕಡಿವಾಣ ಹಾಕಿದ್ದು ಮೊಕದ್ದಮೆಗಳಲ್ಲ, ಸಾಸಿವೆ ಎಣ್ಣೆಯ ಮಾರಾಟದ ಮೇಲೆ ಹೇರಿದ ನಿಷೇಧ. ಸಾರ್ವಜನಿಕ ಆರೋಗ್ಯದ ಹಿತಕ್ಕಾಗಿ ಆರೋಗ್ಯ ಪ್ರಾಧಿಕಾರ ನಿಷೇಧಿಸಿದ ಪದಾರ್ಥವನ್ನು ಮಾರಕೂಡದೆಂಬ ಉಪವಿಧಿ ಕಾಯ್ದೆಯ 7ನೆಯ ಕಲಮಿನಲ್ಲಿತ್ತು. ಒರಟು ಆಯುಧ ಅದು: ವಿಷದ ಎಣ್ಣೆಯ ಜೊತೆ ಶುದ್ಧ ಎಣ್ಣೆಯೂ ಅಂಗಡಿಯಿಂದ ಮಾಯವಾಯಿತು, ಪ್ರಾಮಾಣಿಕ ಗಿರಣಿಯೂ ಬಾಗಿಲು ಹಾಕಿ ಕೂರಬೇಕಾಯಿತು, ಸಾಸಿವೆ ಬೆಳೆದವರಿಗೂ ಬಿಸಿ ತಟ್ಟಿತು. ಯಾವ ಡಬ್ಬದಲ್ಲಿ ವಿಷವಿದೆಯೆಂದು ತಿಳಿಯುವ ಬಗೆಯಿಲ್ಲದಿದ್ದಾಗ ಎಲ್ಲ ಡಬ್ಬಗಳನ್ನೂ ಮುಚ್ಚಿಸದೆ ಗತಿಯಿರಲಿಲ್ಲ. ಸಾಸಿವೆ ಎಣ್ಣೆಯ ಮೇಲಿನ ನಂಬಿಕೆ ಎಷ್ಟು ಕುಸಿಯಿತೆಂದರೆ, ಉತ್ತರ ಭಾರತದಲ್ಲಿ ತಲೆಮಾರುಗಳಿಂದ ಅದರಲ್ಲೇ ಕರಿದು ಹುರಿದು ಉಂಡ ಮನೆಗಳು ಬೇರೆ ಎಣ್ಣೆಗೆ ಹೊರಳಿದವು.

1998ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಖಾದ್ಯ ತೈಲಗಳ ಪ್ಯಾಕೇಜಿಂಗ್ (ನಿಯಂತ್ರಣ) ಆದೇಶವನ್ನು ಹೊರಡಿಸಿತು. ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕು, ಪ್ಯಾಕ್ ಮಾಡುವವರು ನೋಂದಣಿ ಮಾಡಿಸಿರಬೇಕು, ಪೊಟ್ಟಣದ ಮೇಲೆ ಅವರ ಹೆಸರು ವಿಳಾಸ ಇರಬೇಕು. ಗಮನಿಸಬೇಕಾದದ್ದು, ಈ ಆದೇಶ ಬಂದದ್ದು ಕಲಬೆರಕೆ ತಡೆ ಕಾಯ್ದೆಯಡಿಯಲ್ಲ, 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ. ಅಭಾವ ಮತ್ತು ಕಾಳಸಂತೆಯನ್ನು ಮನಸ್ಸಿನಲ್ಲಿಟ್ಟು ರಚಿಸಿದ ಕಾಯ್ದೆಯೊಂದು ಇಲ್ಲಿ ಜನರ ಆರೋಗ್ಯದ ಕಾವಲಿಗೆ ಬಂದಿತು. ಹೊಸ ಶಿಕ್ಷೆಯ ಸುದ್ದಿಗೆ ಹೋಗದೆ ಡಬ್ಬಕ್ಕೆ ಹೆಸರು ಕೊಟ್ಟ ಈ ಕ್ರಮವೇ ಇಡೀ ಪ್ರಕರಣದ ಅತ್ಯಂತ ವಿವೇಕದ ತೀರ್ಮಾನವೆಂದು ನನಗೆ ತೋರುತ್ತದೆ. ಹೆಸರಿದ್ದರೆ ಜಾಡು ಸಿಗುತ್ತದೆ. ಜಾಡು ಸಿಕ್ಕಿದರೆ ಊರಿನ ಎಣ್ಣೆಯನ್ನೆಲ್ಲ ನಿಲ್ಲಿಸದೆ ಒಂದು ಗಿರಣಿಯ ಒಂದು ತಂಡದ ಎಣ್ಣೆಯನ್ನು ನಿಲ್ಲಿಸಬಹುದು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಗಿರಾಕಿಯ ಕಣ್ಣೆದುರಿಗೆ ಅರೆದು ಬಿಸಿಬಿಸಿ ಎಣ್ಣೆ ಅಳೆದುಕೊಡುವ ಸಣ್ಣ ಗಾಣದವನಿಗೆ ಪ್ಯಾಕಿಂಗ್, ನೋಂದಣಿ, ಪರೀಕ್ಷೆಗಳ ಖರ್ಚು ದೊಡ್ಡ ಕಂಪನಿಗೆ ಆದಷ್ಟು ಹಗುರವಾಗಿರಲಿಲ್ಲ. ಎದುರಿಗೇ ಗಾಣ ತಿರುಗುವಾಗ ಜಾಡಿನ ಪ್ರಶ್ನೆಯೇ ಏಳುವುದಿಲ್ಲ, ಆ ವ್ಯವಹಾರದಲ್ಲಿ ಮುಖಪರಿಚಯವೇ ಲೇಬಲ್ಲು. ಹಾಗೆಂದು ಗಾಣದೊಳಗೆ ಹಾಕಿದ ಸಾಸಿವೆಯಲ್ಲಿ ದತ್ತೂರಿ ಇರಲಿಲ್ಲವೆಂದು ಮುಖ ನೋಡಿ ಹೇಳಲಾಗದು. ವಿಶೇಷ ಸಂದರ್ಭಗಳಲ್ಲಿ ವಿನಾಯಿತಿ ಕೊಡುವ ಅಧಿಕಾರ ರಾಜ್ಯಗಳಿಗೆ ಸಿಕ್ಕಿತು. ವಿನಾಯಿತಿ ಹಿಗ್ಗಿದಷ್ಟೂ ಹೆಸರಿಲ್ಲದ ಡಬ್ಬ ಮರಳಿ ಬರುವ ದಾರಿ ತೆರೆಯುತ್ತದೆ. ಪೂರ್ತಿ ಮುಚ್ಚಿದರೆ ಸಣ್ಣವನು ಅಂಗಡಿ ಮುಚ್ಚುತ್ತಾನೆ. ಇಲ್ಲಿ ನೋವಿಲ್ಲದ ಪರಿಹಾರ ಇದ್ದಂತಿಲ್ಲ.

ಶಿಕ್ಷೆಯನ್ನು ಏರಿಸಿದರೆ ಕಲಬೆರಕೆ ನಿಲ್ಲುತ್ತದೆಂಬ ವಾದವನ್ನು ಪ್ರತಿ ದುರಂತದ ನಂತರ ಕೇಳುತ್ತೇವೆ. ಕಲಬೆರಕೆಗೆ ಆಗಿನ ಭಾರತೀಯ ದಂಡ ಸಂಹಿತೆಯ 272ನೆಯ ಕಲಂ ಇಟ್ಟಿದ್ದದ್ದು ಆರು ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದು ಸಾಲದೆಂದು ಪಶ್ಚಿಮ ಬಂಗಾಳ 1973ರಲ್ಲಿ ತನ್ನ ಮಟ್ಟಿಗೆ ತಿದ್ದುಪಡಿ ತಂದು ಜೀವಾವಧಿಯವರೆಗೆ ಏರಿಸಿತು, ಉತ್ತರ ಪ್ರದೇಶವೂ ಎರಡು ವರ್ಷಗಳ ನಂತರ ಅದೇ ಹಾದಿ ಹಿಡಿಯಿತು. ಆದರೂ 1988ರಲ್ಲಿ ಕಲ್ಕತ್ತಾದ ಬೆಹಾಲಾದಲ್ಲಿ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತ ಅಡುಗೆ ಎಣ್ಣೆ ತಿಂದು ನೂರಾರು ಜನರ ಕೈಕಾಲುಗಳ ಸ್ವಾಧೀನ ತಪ್ಪಿತು. ಜೀವಾವಧಿ ಶಿಕ್ಷೆ ಪುಸ್ತಕದಲ್ಲಿ ಹದಿನೈದು ವರ್ಷಗಳಿಂದ ಇತ್ತು. ಸಿಕ್ಕಿಬೀಳುವ ಭಯ ಇಲ್ಲದವನಿಗೆ ಶಿಕ್ಷೆಯ ಉದ್ದ ಲೆಕ್ಕಕ್ಕೆ ಬರುವುದಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಳೆಯ ಕಾಯ್ದೆಯನ್ನೂ 1998ರ ಪ್ಯಾಕೇಜಿಂಗ್ ಆದೇಶವನ್ನೂ ಒಟ್ಟಿಗೆ ರದ್ದುಗೊಳಿಸಿ ಒಂದೇ ಸೂರಿನಡಿ ತಂದಿತು. ಅದು ಪೂರ್ಣವಾಗಿ ಜಾರಿಯಾದದ್ದು 2011ರ ಆಗಸ್ಟ್ 5ರಂದು. ಬಿಡಿ ಎಣ್ಣೆಯ ಮಾರಾಟದ ಮೇಲಿನ ನಿರ್ಬಂಧ ಈಗ ಈ ಕಾಯ್ದೆಯಡಿಯ 2011ರ ನಿಯಮಾವಳಿಗಳಲ್ಲಿದೆ. ದೆಹಲಿಯ ಪ್ರಕರಣವನ್ನು ಇದರ ಕಲಮುಗಳ ಮೇಲೆ ಇಟ್ಟು ನೋಡಿದರೆ ಏನೇನು ಬದಲಾಗಿದೆಯೆಂಬುದು ಕಾಣುತ್ತದೆ. ಮಾದರಿ ಈಗ ಮೂರರ ಬದಲು ನಾಲ್ಕು ಭಾಗ. ವ್ಯಾಪಾರಿ ಕೋರಿದರೆ ನಾಲ್ಕನೆಯದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ. ವಿಶ್ಲೇಷಕರ ವರದಿಗೆ 14 ದಿನ. ಒಂದು ತಂಡದ ಒಂದು ಪೊಟ್ಟಣ ಅಸುರಕ್ಷಿತವೆಂದು ಕಂಡರೆ ಆ ತಂಡವೆಲ್ಲ ಅಸುರಕ್ಷಿತವೆಂದೇ ಭಾವಿಸಬೇಕೆಂದು 26ನೆಯ ಕಲಂ ಹೇಳುತ್ತದೆ, ಮಾರುಕಟ್ಟೆಯಿಂದ ಸರಕನ್ನು ಹಿಂಪಡೆಯುವ ಹೊಣೆಯನ್ನು 28ನೆಯದು ವ್ಯಾಪಾರಿಯ ಮೇಲೇ ಹೊರಿಸುತ್ತದೆ. ಈ ಎರಡೂ ಕಲಮುಗಳಿಗೆ ಜೀವ ಬರುವುದು ಡಬ್ಬದ ಮೇಲೆ ಹೆಸರೂ ತಂಡದ ಸಂಖ್ಯೆಯೂ ಇದ್ದರೆ ಮಾತ್ರ. ಸಾವಿಗೆ ಕಾರಣವಾದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ, 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ನನಗೆ ಇದಕ್ಕಿಂತ ಮಹತ್ವದ್ದೆನಿಸುವುದು 65ನೆಯ ಕಲಂ. ಹಳೆಯ ಕಾಯ್ದೆಯಲ್ಲಿ ಸತ್ತವರ ಮನೆಯವರಿಗೆ ಪರಿಹಾರದ ಮಾತೇ ಇರಲಿಲ್ಲ, ಮೊಕದ್ದಮೆ ಬಹುಮಟ್ಟಿಗೆ ಸರ್ಕಾರಕ್ಕೂ ವ್ಯಾಪಾರಿಗೂ ನಡುವಿನ ಸಂಗತಿಯಾಗಿತ್ತು. ಹೊಸ ಕಾಯ್ದೆ ಸಾವಿಗೆ 5 ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರವನ್ನೂ, 30 ದಿನಗಳೊಳಗೆ ಮಧ್ಯಂತರ ನೆರವನ್ನೂ ಹೇಳುತ್ತದೆ. ತಾನು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಗಿರಾಕಿಗೆ ಈಗಲೂ ಇದೆ.

ಸಾಸಿವೆ ಎಣ್ಣೆಯಲ್ಲಿ ಬೇರೆ ಖಾದ್ಯ ತೈಲ ಬೆರೆಸಿ ಮಾರುವುದನ್ನು 2021ರ ಜೂನ್ 8ರಿಂದ ನಿಷೇಧಿಸಲಾಗಿದೆ. ಮಿಶ್ರಣಕ್ಕೆ ಕಾನೂನಿನ ಒಪ್ಪಿಗೆ ಇದ್ದಷ್ಟು ಕಾಲ, ಒಪ್ಪಿದ ಬೆರಕೆಯ ಮರೆಯಲ್ಲಿ ಒಪ್ಪದ ಬೆರಕೆ ಅಡಗಲು ಜಾಗವಿತ್ತು. ಆ ಜಾಗ ಈಗ ಕಿರಿದಾಗಿದೆ.

ಒಂದು ಕೊಂಡಿ ಮಾತ್ರ 1954ರಿಂದ ಇಂದಿನವರೆಗೆ ಹೆಚ್ಚುಕಡಿಮೆ ಹಾಗೆಯೇ ಇದೆ. ಆಹಾರ ವಿಷಪ್ರಾಶನದ ರೋಗಿಗಳನ್ನು ಕಂಡ ವೈದ್ಯರು ಅಧಿಕಾರಿಗೆ ವರದಿ ಮಾಡಬೇಕೆಂದು ಸರ್ಕಾರ ಅಧಿಸೂಚನೆಯ ಮೂಲಕ ವಿಧಿಸಬಹುದು ಎಂದು ಹಳೆಯ ಕಾಯ್ದೆಯ 15ನೆಯ ಕಲಂ ಹೇಳಿತ್ತು. ಹೊಸ ಕಾಯ್ದೆಯ 35ನೆಯ ಕಲಂ ಅದೇ ಮಾತನ್ನು ಆಹಾರ ಪ್ರಾಧಿಕಾರದ ಹೆಸರಿನಲ್ಲಿ ಮತ್ತೆ ಹೇಳುತ್ತದೆ. ಎರಡರಲ್ಲೂ ಇರುವುದು ‘ವಿಧಿಸಬಹುದು’, ‘ವಿಧಿಸತಕ್ಕದ್ದು’ ಅಲ್ಲ. ಮಾದರಿ ತೆಗೆಯುವ ನಿರೀಕ್ಷಕನ ಪ್ರತಿ ಹೆಜ್ಜೆಯನ್ನೂ ಮೊಹರಿನ ಸಮೇತ ಬರೆದಿಟ್ಟ ಕಾನೂನು, ಊದಿದ ಕಾಲಿನ ಮೇಲೆ ಹೆಬ್ಬೆರಳಿಟ್ಟು ಗುಳಿಯನ್ನು ಎಲ್ಲರಿಗಿಂತ ಮೊದಲು ಕಂಡ ವೈದ್ಯರು ಯಾರಿಗೆ, ಎಷ್ಟು ಗಂಟೆಗಳೊಳಗೆ ಹೇಳಬೇಕೆಂಬುದನ್ನು ಅಧಿಸೂಚನೆಗೆ ಬಿಟ್ಟುಕೊಟ್ಟಿದೆ.